ತಂಗಿಯ ಮಾತ್ರೆ

ಗಿರಾಕಿಯ ಕೋಟಿಗೆ ಇಸ್ತ್ರಿ ಹಾಕುತ್ತಿದ್ದ ತಂಗಿ ಮೇಜಿನ ಕೆಳಗೆ ಉರುಳಿದ ಗುಂಡಿ ಹುಡುಕಲು ಬಗ್ಗಿದಳು. ಅಲ್ಲಿ ಹಳೆಯದೊಂದು ಡಿಸೈನ್ ಪುಸ್ತಕ ಸಿಕ್ಕಿತು, ಕೂತು ಓದಿಯೇ ಬಿಟ್ಟಳು. ಸುಟ್ಟ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಕೋಟಿನ ತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಮೂಡಿತ್ತು. ಒಳಗಿನಿಂದ ಓಡಿಬಂದ ಅಕ್ಕ ಬೈಯಲಿಲ್ಲ. ಪ್ಲಗ್ ಕಿತ್ತಳು, ಕೋಟನ್ನು ಮಡಿಲಿಗೆ ಎಳೆದುಕೊಂಡು ಸುಟ್ಟ ತೋಳು ಬಿಚ್ಚತೊಡಗಿದಳು.

ಅಕ್ಕತಂಗಿಯರದು ಹೊಲಿಗೆ ಅಂಗಡಿ. ತಂಗಿ ಕತ್ತರಿ ಹಿಡಿದರೆ ಬಟ್ಟೆ ಹೇಳಿದ ಮಾತು ಕೇಳುತ್ತಿತ್ತು. ಹಿಡಿದದ್ದನ್ನು ಮುಗಿಸುವುದು ಮಾತ್ರ ಅವಳ ಜಾಯಮಾನವಲ್ಲ. ಅಂಚು, ಕಾಜ, ಗಿರಾಕಿಗಳ ಸಿಡಿಮಿಡಿ ಎಲ್ಲ ಅಕ್ಕನ ತಲೆಗೆ. ಹೀಗೇ ಇಬ್ಬರೂ ಐವತ್ತು ದಾಟಿದ್ದರು. ಮೊನ್ನೆ ಡಾಕ್ಟರು, "ಇದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ. ಚಿಕ್ಕಂದಿನಿಂದ್ಲೂ ಇದ್ದದ್ದೇ. ಮಾತ್ರೆ ಶುರು ಮಾಡಿ ನೋಡೋಣ, ಒಗ್ಗದಿದ್ರೆ ನಿಲ್ಲಿಸೋಣ" ಎಂದಿದ್ದರು. ಮಾತ್ರೆ ತಂದದ್ದೂ ಆಗಿತ್ತು. ಪೊಟ್ಟಣ ದಾರದ ಉಂಡೆಗಳ ನಡುವೆ ಹಾಗೇ ಬಿದ್ದಿತ್ತು.

"ತಗೊಳ್ಳಲಾ ಅಕ್ಕಾ?"

"ನನ್ನೇನು ಕೇಳ್ತೀಯ? ನಿಂಗೇನೂ ಆಗಿಲ್ಲ. ಸ್ವಲ್ಪ ಮನಸ್ಸಿಟ್ಟು ಮಾಡಿದ್ರೆ..." ಹೊಲಿಗೆ ಬಿಚ್ಚುತ್ತಿದ್ದ ಅಕ್ಕನ ಕೈ ನಿಂತಿತು. "ಕಾಯಿಲೆ ಅಂತಾದ್ರೆ, ನಾನು ಇಷ್ಟು ವರ್ಷ ಬೈದಿದ್ದೆಲ್ಲ ಏನೇ? ಸೋಮಾರಿ ಅಂದೆ, ಮೈಗಳ್ಳಿ ಅಂದೆ. ಗಿರಾಕಿಗಳ ಮುಂದೇನೇ ಅಂದೆ."

ತಂಗಿಗೂ ಒಳಗೊಳಗೆ ಕೊರೆಯುತ್ತಿದ್ದದ್ದು ಆ ಕಳೆದ ವರ್ಷಗಳೇ. ಮಾತ್ರೆ ಕೆಲಸ ಮಾಡದಿದ್ದರೆ ಪರವಾಗಿಲ್ಲ, ಮಾಡಿಬಿಟ್ಟರೆ? ಅದು ಇಪ್ಪತ್ತರ ವಯಸ್ಸಿನಲ್ಲೇ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ಕೂತು ಯೋಚಿಸುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

"ಬೈಗುಳ ಬಿಡು, ಅದು ಅಭ್ಯಾಸ ಆಗಿದೆ," ಎಂದಳು. "ಪ್ರತಿ ಸಲಾನೂ 'ಇನ್ಮೇಲೆ ಹೀಗಾಗಲ್ಲ' ಅಂತ ಹೇಳೀ ಹೇಳೀ ಸುಸ್ತಾಗಿದೆ ನಂಗೆ."

ಅಕ್ಕ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. "ಅದನ್ನ ಕೇಳೀ ಕೇಳೀ ನಂಗೂ ಸಾಕಾಗಿದೆ ಕಣೇ. ತಗೋ. ಗುಣ ಕಾಣದಿದ್ರೆ ಬೈಯೋಕೆ ನಾನಿದ್ದೀನಲ್ಲ."

ಮರುದಿನ ಬೆಳಿಗ್ಗೆ ತಂಗಿ ಮಾತ್ರೆ ನುಂಗಿದಳು. ಬಾಯಿ ಒಣಗಿತು, ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯಲಿಲ್ಲ. ಆದರೆ ಕೋಟಿಗೆ ಹೊಸ ತೋಳು ಕೂರಿಸಲು ಕೂತವಳು ಕೂತಲ್ಲಿಂದ ಏಳದೆ ಮುಗಿಸಿದಳು. ಸಂಜೆಗೆ ತಲೆ ಸಿಡಿಯಿತು. ಅಕ್ಕ ಏನೋ ಕೇಳಿದ್ದಕ್ಕೆ ಹರಿಹಾಯ್ದಳು. ಮತ್ತೆ ಹೋಗಿ ಹೇಳಿದಾಗ ಡಾಕ್ಟರು ಡೋಸ್ ಇಳಿಸಿದರು.

ಪವಾಡವೇನೂ ಆಗಲಿಲ್ಲ. ಕತ್ತರಿ ಈಗಲೂ ಕಳೆಯುತ್ತದೆ, ಅಳತೆಯ ಟೇಪು ಕೊರಳಲ್ಲೇ ಇಟ್ಟುಕೊಂಡು ಅಂಗಡಿಯೆಲ್ಲ ಹುಡುಕುತ್ತಾಳೆ. ಆದರೂ ಅರ್ಧಕ್ಕೆ ನಿಂತ ಬಟ್ಟೆಗಳ ರಾಶಿ ಕರಗುತ್ತ ಬಂತು. ಒಂದು ಮಧ್ಯಾಹ್ನ ಅಕ್ಕನಿಗೆ ಮುಗಿಸಿಕೊಡಲು ಏನೂ ಇರಲಿಲ್ಲ. ಏನು ಮಾಡುವುದೆಂದು ತೋಚದೆ ಕುರ್ಚಿಯಲ್ಲಿ ಕೂತಳು, ಕೂತಲ್ಲೇ ಬಾಯಿ ತೆರೆದು ನಿದ್ದೆಹೋದಳು. ಎಷ್ಟು ವರ್ಷದ ಆಯಾಸವೋ. ಮಷಿನ್ ಸದ್ದಿಗೆ ಎಚ್ಚರವಾದೀತೆಂದು ತಂಗಿ ಸೂಜಿಗೆ ದಾರ ಪೋಣಿಸಿ, ಅಂಚನ್ನು ಕೈಯಲ್ಲೇ ಹೊಲಿಯತೊಡಗಿದಳು.