ಮೂರಡಿಯ ಕೆಳಗಿನ ಮಣ್ಣು

ಹಾರೆ ಕೆಂಪುಮಣ್ಣನ್ನು ದಾಟಿದ ಕೂಡಲೇ ಸದ್ದು ಬದಲಾಯಿತು. ತಿಮ್ಮು ಬಗ್ಗಿ ನೋಡಿದ. ಮೇಲಿನ ಎರಡಡಿ ಮಾತ್ರ ಕೆಂಪು. ಅದರ ಕೆಳಗೆ ಒಲೆಯ ಬೂದಿಯಂಥ ಮಣ್ಣು.

ಲೇಔಟಿನ ಯಜಮಾನ ಭಾಸ್ಕರ ಇಷ್ಟು ಸಾಕೆಂದ. ಕಾರವಾರದ ಮಾಲಿನ್ಯ ನಿಯಂತ್ರಣ ಕಚೇರಿಯಿಂದ ಬಂದಿದ್ದ ವೀಣಾ ಸಾಲದು ಎಂದಳು. ಇಲ್ಲಿ ಹಿಂದೆ ರಾಸಾಯನಿಕದ ಕಾರ್ಖಾನೆಯಿತ್ತು. ಮೂರಡಿ ಕೆಳಗಿನ ಮಣ್ಣು ಪರೀಕ್ಷೆಯಾಗದೆ ಮನೆಗಳಿಗೆ ಪರವಾನಗಿ ಇಲ್ಲ. ಮಣ್ಣು ಕೆಟ್ಟಿದ್ದರೆ ಎಲ್ಲವನ್ನೂ ತೆಗೆದು ಸಾಗಿಸಬೇಕು. ಭಾಸ್ಕರ ಕೊಟ್ಟ ವರದಿಯಲ್ಲಿ ಮಣ್ಣು ಚೊಕ್ಕವಾಗಿತ್ತು. ಪರೀಕ್ಷೆಗೆ ಕೊಟ್ಟದ್ದು ಲಾರಿಯಲ್ಲಿ ತಂದು ಮೇಲೆ ಸುರಿದ ಮಣ್ಣು ಎಂಬ ಗುಮಾನಿಯಿಂದಲೇ ಅವಳು ತನ್ನೆದುರು ಅಗೆಸುತ್ತಿದ್ದಳು.

ತಿಮ್ಮುವಿಗೆ ಇದು ಬರೀ ದಿನಗೂಲಿಯಲ್ಲ. ತೋಡೂರಿನ ಗದ್ದೆ, ಮನೆ ನೌಕಾನೆಲೆಗೆ ಹೋದ ಮೇಲೆ ಆರು ವರ್ಷದಿಂದ ಮಂಜಗುಣಿಯ ಮಾವನ ಮನೆಯ ಜಗಲಿಯೇ ಅವನಿಗೆ ಗತಿ. ಈ ಲೇಔಟಿನಲ್ಲೊಂದು ಸೈಟಿಗೆ ಅರ್ಜಿ ಹಾಕಿದ್ದ. ಹೋದ ವಾರ ಹೆಂಡತಿ ರುಕ್ಮಿಣಿ ಬಂದು ಮೂಲೆಯ ಸೈಟಿನಲ್ಲಿ ಬಸಳೆ ಚಪ್ಪರಕ್ಕೆ ಜಾಗವನ್ನೂ ಅಳೆದು ಹೋಗಿದ್ದಳು.

ಮೂರಡಿಯಾಯಿತು. ತಿಮ್ಮು ಒಂದು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡ. ಹೊಳೆಯಂಚಿನ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬಿತ್ತುವ ಮುಂಚೆ ಉಪ್ಪು ಇಳಿದಿದೆಯೇ ಎಂದು ಹಾಗೇ ನೋಡುವುದು. ಕೈ ತಾನಾಗಿಯೇ ಬಾಯಿಗೆ ಹೋಗಿತ್ತು.

"ಉಗೀರಿ, ಮೊದ್ಲು ಉಗೀರಿ," ವೀಣಾ ನೀರಿನ ಬಾಟಲಿ ಚಾಚಿದಳು.

ಎರಡು ಸಲ ಬಾಯಿ ಮುಕ್ಕಳಿಸಿದರೂ ಎಲೆಗೆ ಸುಣ್ಣ ಹೆಚ್ಚಾದಾಗಿನಂತೆ ನಾಲಿಗೆಯ ತುದಿ ಉರಿಯುತ್ತಲೇ ಇತ್ತು.

"ಇದು ಉಪ್ಪಲ್ರಾ ಮೇಡಮ್ಮ," ಎಂದ. "ಉಪ್ಪಾದ್ರೆ ಮಳೆಗೆ ಹೋಗ್ತದೆ."

ಅವಳು ಮಣ್ಣನ್ನು ಚೀಲಕ್ಕೆ ತುಂಬಿ ಮೊಹರು ಹಾಕಿದಳು. ಇಷ್ಟೇ ಆಳದಿಂದ ತೆಗೆದದ್ದೆಂದು ಅಗೆದವನ ಹೆಬ್ಬೆಟ್ಟು ಬೇಕು, ಅದಿಲ್ಲದಿದ್ದರೆ ನಾಳೆ ಇವರು ಚೀಲವೇ ಸುಳ್ಳೆನ್ನುತ್ತಾರೆ ಎಂದು ಹೇಳಿ, ಪಂಚನಾಮೆ ಬರೆಯಲು ಜೀಪಿನತ್ತ ಹೋದಳು.

ಭಾಸ್ಕರ ಹೊಂಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ನಗುತ್ತಲೇ ಇದ್ದ.

"ಮಣ್ ತಿನ್ನೂಕೆ ನೀ ಎಂತಾ ಸಣ್ ಹುಡ್ಗನೇನಾ? ಮಾವನ ಮನೇಲಿ ಊಟ ಹಾಕೂದಿಲ್ವಾ?"

"ಹಾಕ್ತ್ರು. ಲೆಕ್ಕ ಮಾಡಿ ಹಾಕ್ತ್ರು."

ಭಾಸ್ಕರ ಕಿಸೆಯಿಂದ ಮಡಚಿದ ಕಾಗದ ತೆಗೆದು ಬಿಡಿಸಿದ. ಮೂಲೆಯ ಸೈಟು. ತಿಮ್ಮುವಿನ ಹೆಸರು ಆಗಲೇ ಟೈಪಾಗಿತ್ತು.

"ದುಡ್ಡು ಬ್ಯಾಡ. ಎಷ್ಟು ಆಳ ಅಗೆದೆ ಅಂತ ಗೊತ್ತಿಲ್ಲ ಅನ್ನು, ಹೆಬ್ಬೆಟ್ ಒತ್ತಬ್ಯಾಡ. ಅಷ್ಟೇಯ. ಮೇಲೆ ಎರಡಡಿ ಕೆಂಪುಮಣ್ಣು ಉಂಟಲ್ಲೋ ಮಾರಾಯಾ. ಬಸಳೆ ಬೇರಿಗೆ ಎಷ್ಟ್ ಬೇಕು?"

ತಿಮ್ಮು ಹೊಂಡದೊಳಗಿಂದಲೇ ಕಾಗದದ ಮೇಲಿನ ತನ್ನ ಹೆಸರನ್ನು ನೋಡಿದ. ಇನಿಶಿಯಲ್ಲೂ ಸರಿಯಾಗಿತ್ತು. ವೀಣಾ ಶಾಯಿಪ್ಯಾಡು ಹಿಡಿದು ವಾಪಸು ಬರುತ್ತಿದ್ದಳು. ಅವನು ಎಡಗೈ ಹೆಬ್ಬೆರಳನ್ನು ಪಂಚೆಗೆ ಉಜ್ಜಿ, ಬೂದುಬಣ್ಣ ಹೋಗುವವರೆಗೆ ಒರೆಸಿಕೊಂಡ.

"ನಂಗೆ ಈ ಸೈಟ್ ಬ್ಯಾಡ," ಎಂದು ಭಾಸ್ಕರನಿಗೆ ಹೇಳಿ, ಹೆಬ್ಬೆರಳನ್ನು ಶಾಯಿಪ್ಯಾಡಿನತ್ತ ಚಾಚಿದ.