ಇಬ್ಬರ ಭಾರ

ಗಾಳಿಯ ಒತ್ತಡ ತೋರಿಸುವ ಮುಳ್ಳು ನಲವತ್ತರ ಹತ್ತಿರ ಹೋಗಿ ನಡುಗುತ್ತಿದೆ, ಇನ್ನು ನಾಲ್ಕು ಸಲ ಒತ್ತಿದರೆ ಸಾಕು, ಸೈಕಲ್ ಪಂಪಿನ ಹಿಡಿ ಅಂಗೈಗೆ ಬಿಸಿ, ಬಚ್ಚಲಿಗೆ ಹಾಕಿ ಉಳಿದ ಪೈಪು, ತೋಟಕ್ಕೆ ನೀರು ಬಿಡುವ ವಾಲ್ವು, ಎಲ್ಲ ಸೇರಿಸಿ ಅಂಟಿಸಿ ಕೊಂಬೆಯ ಮೇಲೆ ದಾರ ಹಾರಿಸಲು ಇವನೇ ಮಾಡಿದ ತೋಪು, ಅಣ್ಣ ಇಟ್ಟ ಹೆಸರು ಅದು, ತೋಪು — ಎಂಜಿನಿಯರ್ ಸಾಹೇಬ್ರೇ, ದಂಡು ಯಾವ ಕೋಟೆ ಕಡೆ? ಅನ್ನುತ್ತಿದ್ದ. ಬಸ್ ಶೆಡ್ಡಿನ ಹಿಂದೆ ಕೋಟೆಯಿಲ್ಲ, ಮರವಿದೆ, ಸೀಳಿದ ಕೊಂಬೆಯೊಂದು ತಗಡಿನ ಮೇಲೆ ವಾಲಿಕೊಂಡಿದೆ, ಅದನ್ನು ಹತ್ತಿ ಕಡಿಯಬೇಕು, ಹತ್ತುವವಳು ಅತ್ತಿಗೆ. ಅಣ್ಣನ ಸೊಂಟಪಟ್ಟಿಗೆ ಎರಡು ತೂತು ಹೆಚ್ಚಿಗೆ ಕೊರೆದು ಬಿಗಿದುಕೊಂಡು ನಿಂತಿದ್ದಾಳೆ, ಹೆಣ್ಣು ನೋಡೋಕೆ ಹೋದವನ ಹಾಗೆ ಎಷ್ಟು ಹೊತ್ತು ನೋಡ್ತೀಯೋ, ಹೊಡಿಯಪ್ಪ, ಅನ್ನುತ್ತಾಳೆ. ವಾಲ್ವು ತಿರುಗಿಸಿದ. ಧಪ್. ಸೀಸದ ಗುಂಡು ತುಂಬಿದ ಹಳದಿ ಚೀಲ ದಾರವನ್ನು ಬಾಲದ ಹಾಗೆ ಎಳೆದುಕೊಂಡು ಎಲೆಗಳೊಳಗೆ ಹೊಕ್ಕು ಆಚೆ ಬದಿಯಲ್ಲಿ ಇಳಿಯಿತು, ಒಂದೇ ಏಟಿಗೆ, ಅವತ್ತಿನ ಹಾಗೆಯೇ.

ತೋಪಿಗಿಂತ ಮುಂಚೆ ಅಣ್ಣ ಕೈಯಲ್ಲೇ ಎಸೆಯುತ್ತಿದ್ದ, ಕಾಲುಗಳ ನಡುವೆ ಚೀಲ ತೂಗಿ ತೂಗಿ, ಮೂವತ್ತು ಸಲ, ನಲವತ್ತು ಸಲ, ತಪ್ಪಿದಾಗಲೆಲ್ಲ ಮರದ ವಂಶವನ್ನೇ ಬೈಯುತ್ತಿದ್ದ, ಬೈಯುತ್ತಲೇ ನೋಡುತ್ತಿದ್ದ, ದಾರ ಕೊನೆಗೆ ಸರಿಯಾಗಿ ಬೀಳುವ ಹೊತ್ತಿಗೆ ಯಾವ ಕೊಂಬೆ ಒಣಗಿದೆ, ಯಾವುದು ಪೊಳ್ಳು ಎಂದು ನೋಯುವ ಕತ್ತಿಗೇ ಗೊತ್ತಾಗಿರುತ್ತಿತ್ತು. ತೋಪು ಬಂದ ಮೇಲೆ ಕಣ್ಣು ಹೋಗದ ಎತ್ತರಕ್ಕೆ ದಾರ ಹೋಗುತ್ತದೆ, ನೋಡುವ ಕೆಲಸವೇ ತಪ್ಪಿತು — ಅದಕ್ಕೇ ಭಾರ ಹಾಕಿ ನೋಡುವುದು, ದಾರಕ್ಕೆ ಹಗ್ಗ ಕಟ್ಟಿ ಎಳೆದು, ಒಂದು ತುದಿಯನ್ನು ಬುಡಕ್ಕೆ ಬಿಗಿದು, ಇನ್ನೊಂದಕ್ಕೆ ಇಬ್ಬರೂ ಜೋತುಬೀಳಬೇಕು, ಮೇಲೆ ಅಣ್ಣನ ಎರಡು ಮುಷ್ಟಿ, ಕೆಳಗೆ ಇವನ ಎರಡು, ಇಬ್ಬರನ್ನು ತಡೆದ ಕೊಂಬೆ ಒಬ್ಬನನ್ನು ಕೈಬಿಡಲ್ಲ ಕಣೋ, ಅನ್ನುತ್ತಿದ್ದ ಅಣ್ಣ. ಅವತ್ತು ಅಣ್ಣನ ಎರಡು ಮುಷ್ಟಿ ಮಾತ್ರ, ಕೆಳಗೆ ಗೇಣುದ್ದ ಖಾಲಿ ಹಗ್ಗ, ಬಾರೋ, ಜೋತುಬೀಳು, ಅಂದ ಅಣ್ಣ, ಇವನಿಗೆ ತೋಪನ್ನು ನೆಲಕ್ಕಿಡಲು ಮನಸ್ಸಿಲ್ಲ, ಹೊಸ ಕೂಸನ್ನು ಎತ್ತಿಕೊಂಡವನ ಹಾಗೆ ಅಪ್ಪಿಕೊಂಡಿದ್ದ, ಹತ್ತಣ್ಣ, ಅಳತೆ ಹಿಡಿದು ಇಟ್ಟ ಹಾಗೆ ಕೂತಿದೆ, ಏನೂ ಆಗಲ್ಲ, ನಗುತ್ತ ಅಂದ, ಅಣ್ಣನೂ ನಕ್ಕ, ಒಬ್ಬನೇ ಎರಡು ಸಲ ಜಗ್ಗಿ ಹತ್ತಿದ — ಕೊಂಬೆ ಮುರಿದ ಸದ್ದು ಅಷ್ಟೇನೂ ಜೋರಿರಲಿಲ್ಲ, ಯಾರೋ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಷ್ಟು. ಈಗ ಅಣ್ಣ ಕಿಟಕಿ ಪಕ್ಕದ ಮಂಚದಲ್ಲಿ, ಸೊಂಟದಿಂದ ಕೆಳಗೆ ತನ್ನದಲ್ಲದ ಮೈ. ಇಬ್ಬರೂ ಜೋತುಬಿದ್ದು ನೋಡಿದ್ವಿ ಕಣೇ, ನನ್ನ ಹಣೆಬರಹ, ಅವನದೇನೂ ತಪ್ಪಿಲ್ಲ, ಎಂದು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನವೇ ಅತ್ತಿಗೆಗೆ ಹೇಳಿದ, ಬಾಗಿಲಲ್ಲಿ ನಿಂತಿದ್ದ ಇವನ ಕಡೆ ತಿರುಗಲಿಲ್ಲ. ಮೂರು ದಿನಕ್ಕೊಮ್ಮೆ ಇವನೇ ಗಡ್ಡ ಹೆರೆಯುತ್ತಾನೆ, ಅಣ್ಣ ಕತ್ತು ಎತ್ತಿಕೊಡುತ್ತಾನೆ, ಆ ಮಾತು ಎತ್ತುವುದಿಲ್ಲ, ಕತ್ತಿಯ ಸರಸರ ಮಾತ್ರ, ವರ್ಷವಾಯಿತು, ಅಣ್ಣನ ಒಂದು ಸುಳ್ಳಿನ ಮೇಲೆ ಎಲೆ ಹಾಕಿಕೊಂಡು ಅದೇ ಮನೆಯಲ್ಲಿ ಉಣ್ಣುತ್ತಿದ್ದಾನೆ.

ಹಗ್ಗ ಮೇಲೇರಿದೆ, ಬುಡಕ್ಕೆ ಬಿಗಿದಿದ್ದಾಗಿದೆ, ಅತ್ತಿಗೆ, ಬನ್ನಿ, ಜೋತುಬೀಳೋಣ — ಅಯ್ಯೋ ಬಿಡೋ, ನೀವಿಬ್ರೂ ಜೋತುಬಿದ್ದು ಉದ್ಧಾರ ಆಗಿದ್ದು ಕಂಡಿದೀನಲ್ಲ, ಮುರಿಯೋ ಕೊಂಬೆ ಯಾರು ಜೋತುಬಿದ್ರೂ ಮುರಿಯುತ್ತೆ, ಗಾಳಿ ಏಳೋದ್ರೊಳಗೆ ಮುಗಿಸಿಬಿಡ್ತೀನಿ, ಅವರಿಗೆ ಮಧ್ಯಾಹ್ನ ಮಗ್ಗುಲು ಬದಲಿಸಬೇಕು. ಆ ಸುಳ್ಳು ಅವಳ ತಲೆಯಲ್ಲಿ ಹೀಗೆ ಬೆಳೆದಿದೆಯೆಂದು ಇವನಿಗೆ ಗೊತ್ತಿರಲಿಲ್ಲ, ಅಣ್ಣನಿಗೂ. ಇವನೊಬ್ಬನೇ ಹೋಗಿ ಜೋತುಬಿದ್ದ, ಮೇಲೆ ಏನೂ ಅಲುಗಲಿಲ್ಲ, ಅವತ್ತು ಅಣ್ಣ ಜಗ್ಗಿದಾಗಲೂ ಏನೂ ಅಲುಗಿರಲಿಲ್ಲ, ಒಬ್ಬನ ಭಾರ ಏನನ್ನೂ ಹೇಳುವುದಿಲ್ಲ. ಮಂಗನಾಟ ಸಾಕು, ಇಳಿ, ಎಂದು ಅತ್ತಿಗೆ ಕೊಕ್ಕೆ ಸಿಕ್ಕಿಸಿಕೊಂಡಳು. ತಲೆ ಸುತ್ತುತ್ತಿದೆ ಅನ್ನಲೇ, ಹಗ್ಗ ಸವೆದಿದೆ ಅನ್ನಲೇ, ಇವತ್ತಿಗೆ ಅದು ಸಾಕು, ನಾಳೆ ಇನ್ನೊಂದು ಮರ, ನಾಡಿದ್ದು ಮತ್ತೊಂದು, ಎಷ್ಟು ಮರಗಳಿಗೆ ಎಷ್ಟು ಸುಳ್ಳು ಹೊಂದಿಸಲಿ, ನಿಜ ಹೇಳಿದರೆ ಇವನ ಎಲೆ ಮಾತ್ರವಲ್ಲ, ಅಣ್ಣನದೂ ಚೆಲ್ಲುತ್ತದೆ, ಅವಳ ಬೂಟು ನೆಲ ಬಿಟ್ಟಿತು, ಒಂದು ಅಡಿ, ಎರಡು — ಅತ್ತಿಗೆ, ಅವತ್ತು ನಾನು ಜೋತುಬಿದ್ದಿರಲಿಲ್ಲ. ದನಿ ತೀರಾ ಸಾಧಾರಣವಾಗಿ ಬಂತು, ಹಾಲು ತಂದಿಲ್ಲ ಅಂದ ಹಾಗೆ. ಹಗ್ಗದಲ್ಲಿ ಅವಳು ನಿಧಾನ ತಿರುಗಿದಳು, ಏನಂದೆ, ಎಂದಳು. ಅಣ್ಣ ಕರೆದ, ನಾನು ಹೋಗಲಿಲ್ಲ, ಒಬ್ಬನೇ ಜಗ್ಗಿದ. ಶೆಡ್ಡಿನಲ್ಲಿ ಬಸ್ಸೊಂದು ಕೆಮ್ಮಿ ಕೆಮ್ಮಿ ಶುರುವಾಯಿತು, ಮತ್ತೆ ನಿಂತಿತು. ಬೈಯಲಿ, ಹೊಡೆಯಲಿ ಎಂದು ಕಾದ, ಅವಳು ಇಳಿದಳು, ಕೊಕ್ಕೆ ಬಿಡಿಸಿದಳು, ಅವರಿಗೆ ಗೊತ್ತಿತ್ತಲ್ಲ, ಅಂದಳು, ಇವನಿಗಲ್ಲ, ಮರದ ತೊಗಟೆಗೆ, ವರ್ಷಪೂರ್ತಿ ನನ್ನ ಜೊತೆ ಒಂದೇ ಕೋಣೆಯಲ್ಲಿ. ಆಮೇಲೆ ಕೈ ಎತ್ತರಿಸಿ ಹಗ್ಗ ಹಿಡಿದಳು, ಹಿಡಿ, ಅಂದಳು, ಮುಖ ಆಚೆ, ಹಿಡಿಯೋ, ಇವನ ತೋಳುಗಳು ಪಕ್ಕದಲ್ಲಿ ಕಲ್ಲಿನ ಹಾಗೆ ಇಳಿಬಿದ್ದಿವೆ, ಎತ್ತಬೇಕು, ಈಗ ಎತ್ತಬೇಕು, ಮೇಲೆ ಎರಡು ಮುಷ್ಟಿ, ಬಿಳಿಚಿದ ಗೆಣ್ಣುಗಳು, ಅದರ ಕೆಳಗೆ ಹಗ್ಗ, ಗೇಣುದ್ದ, ಖಾಲಿ