ಶೂ ಒಳಗೆ ಕೈ

ಹೊಲಿಗೆ ಕೆಲಸ ಬಿಟ್ಟು ವರ್ಷಗಳಾದವು. ಈಗ ಎಷ್ಟು ಬಗ್ಗಿದರೂ ಕಾಲಿನ ಉಗುರು ನನ್ನ ಕತ್ತರಿಗೆ ಎಟಕುವುದಿಲ್ಲ. ಸಾಲದ್ದಕ್ಕೆ ಸಕ್ಕರೆ ಕಾಯಿಲೆ. ಮಗಳು ನಾಲ್ಕು ಕಡೆ ವಿಚಾರಿಸಿ, ಮನೆಗೇ ಬಂದು ಪಾದ ನೋಡುವ ನರ್ಸ್ ಒಬ್ಬಳನ್ನು ಗೊತ್ತುಮಾಡಿದಳು. ಅವಳ ಫೀಸಿನಷ್ಟು ದುಡ್ಡಿಗೆ ನಾನು ಆಗೆಲ್ಲ ಒಂದು ಕೋಟನ್ನೇ ಹೊಲಿದುಕೊಡುತ್ತಿದ್ದೆ.

“ಇದು ಒಂದು ಕಾಲಿಗೋ, ಎರಡಕ್ಕೂ ಸೇರಿಯೋ?” ಎಂದೆ.

“ಸುಮ್ನಿರಪ್ಪಾ!” ಮಗಳು ಗದರಿದಳು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಬಂದವಳು ಉಗುರು ಮುಟ್ಟುವ ಮೊದಲೇ ನನ್ನ ಶೂ ಎತ್ತಿಕೊಂಡು ಒಳಗೆ ಕೈ ಹಾಕಿದಳು. ನನ್ನ ಮೈ ಉರಿಯಿತು. ಬ್ಯಾಂಕನ್ನೂ ಮಗಳನ್ನೂ ನಂಬದೆ ನಾನು ನೋಟು ಬಚ್ಚಿಟ್ಟಿದ್ದು ಅಲ್ಲೇ, ಒಳಗಿನ ಮೆತ್ತೆಯ ಅಡಿಯಲ್ಲಿ. ಜಾರದಿರಲೆಂದು ಸೂಜಿ ಚುಚ್ಚಿ.

“ಉಗುರು ತೆಗೆಯೋಳಿಗೆ ಶೂ ಒಳಗೇನಮ್ಮಾ ಕೆಲಸ?”

“ಸಕ್ಕರೆ ಕಾಯಿಲೆಲಿ ಕಾಲು ಜೋಮು ಹಿಡಿದೋರಿಗೆ ಏನು ಚುಚ್ಚಿದ್ರೂ ಗೊತ್ತಾಗಲ್ಲ. ಅವರ ಶೂನ ಮೊದ್ಲು ನೋಡ್ಲೇಬೇಕು, ಯಜಮಾನ್ರೇ.” ನೋಟುಗಳನ್ನು ಹೊರತೆಗೆದು ನನ್ನ ಕೈಗಿಟ್ಟಳು. “ಎಣಿಸ್ಕೊಳ್ಳಿ.”

ಎಣಿಸಿದೆ. ಸರಿಯಾಗಿತ್ತು.

“ಸೂಜಿ ಮಾತ್ರ ಅರ್ಧನೇ ಇದೆ,” ಎನ್ನುತ್ತಾ ಅವಳು ನನ್ನ ಹಿಮ್ಮಡಿಯನ್ನು ಮೆಲ್ಲಗೆ ಬೆಳಕಿಗೆ ತಿರುಗಿಸಿದಳು.

ಉಳಿದರ್ಧ ಅಲ್ಲಿತ್ತು. ಇಷ್ಟು ದಿನ ನನ್ನ ಕಾಲೇ ಅದನ್ನು ನನ್ನಿಂದ ಮುಚ್ಚಿಟ್ಟಿತ್ತು.